ಕಬಿನಿ ಕಾಡಿನ ಅತಿಥಿಗಳು: ಖೆಡ್ಡಾದಿಂದ ಸಫಾರಿಯವರೆಗೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ದಂಡೆಯ ಕಾಡು ಇಂದು ವನ್ಯಜೀವಿ ವೀಕ್ಷಣೆಗೆ ಹೆಸರಾಗಿದೆಯಾದರೂ, ಹೊರಗಿನವರಿಗೆ ಕಾಡು ತೋರಿಸುವ ಹೊಣೆಯನ್ನು ಸರ್ಕಾರವೇ ಹೊರುವ ಪದ್ಧತಿ ಅಲ್ಲಿ ಪ್ರವಾಸೋದ್ಯಮವೆಂಬ ಮಾತಿಗಿಂತ ಹಳೆಯದು. ಕಾಡಾನೆಗಳ ಹಿಂಡನ್ನು ಸುತ್ತುವರಿದು, ಸದ್ದು ಬೆಂಕಿಗಳಿಂದ ಬೆದರಿಸಿ, ಮರದ ದಿಮ್ಮಿಗಳ ಬಲವಾದ ಆವರಣದೊಳಕ್ಕೆ ಅಟ್ಟಿ ಸೆರೆಹಿಡಿಯುವ ವಿಧಾನಕ್ಕೆ ಖೆಡ್ಡಾ ಎಂದು ಹೆಸರು. ಬ್ರಿಟಿಷ್ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಇದನ್ನು ನೆಲೆಗೊಳಿಸಿದ ಬಳಿಕ, ಕಬಿನಿ ದಂಡೆಯ ಕಾಕನಕೋಟೆಯ ಖೆಡ್ಡಾ ಆನೆ ಹಿಡಿಯುವ ಕೆಲಸವಾಗಿದ್ದಂತೆಯೇ ಸಂಸ್ಥಾನದ ರಾಜಾತಿಥ್ಯದ ಅಂಗವೂ ಆಗಿ, ಬ್ರಿಟಿಷ್ ರಾಜಮನೆತನದವರೂ ಉನ್ನತ ಅಧಿಕಾರಿಗಳೂ ಅದನ್ನು ನೋಡಲೆಂದೇ ಬರತೊಡಗಿದರು. ಅತಿಥಿಗಳನ್ನು ಆರಿಸುತ್ತಿದ್ದುದು ಅರಮನೆ, ಏರ್ಪಾಟು ಅರಣ್ಯ ಇಲಾಖೆಯದು. ಆನೆಗಳ ಜಾಡನ್ನು ಬಲ್ಲವರಾಗಿ ಕಾಡಿನೊಳಗಿನ ದುಡಿಮೆಗೆ ಹೆಗಲು ಕೊಟ್ಟವರು ಜೇನುಕುರುಬರು ಮತ್ತು ಬೆಟ್ಟಕುರುಬರು.

ಸುಮಾರು ನೂರು ವರ್ಷ ನಡೆದ ಈ ವ್ಯವಸ್ಥೆ ಮುಗಿದದ್ದು ಕೆಲವೇ ವರ್ಷಗಳಲ್ಲಿ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರಲ್ಲಿ ನೆರೆಯ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿಗೆ ಅಡ್ಡಲಾಗಿ ಕಟ್ಟಿದ ಬೀಚನಹಳ್ಳಿಯ ಅಣೆಕಟ್ಟೆ ಪೂರ್ಣಗೊಂಡು, ಖೆಡ್ಡಾ ನಡೆಯುತ್ತಿದ್ದ ಕಾಡಿನ ತಗ್ಗು ಭಾಗ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ತೆರೆದುಕೊಳ್ಳುವ ಬಯಲಿನಲ್ಲಿ ಚಿಗುರುವ ಹುಲ್ಲನ್ನು ಅರಸಿ, ಹಿನ್ನೀರಿನ ಎರಡು ಬದಿಯ ಬಂಡೀಪುರ, ನಾಗರಹೊಳೆ ಕಾಡುಗಳೆರಡರ ಆನೆಗಳೂ ಹಿಂಡುಹಿಂಡಾಗಿ ಸೇರುವುದರಿಂದ, ನೀರಾವರಿಗೆಂದು ಕಟ್ಟಿದ ಕಟ್ಟೆಯೇ ಯಾರೂ ಉದ್ದೇಶಿಸದ ರೀತಿಯಲ್ಲಿ ಮುಂದಿನ ಪ್ರವಾಸಕ್ಕೆ ಆಧಾರವಾಯಿತು.

ನೇಪಾಳದ ಚಿತವನದಲ್ಲಿ ಅನುಭವವಿದ್ದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ರಾಜ್ಯ ಸರ್ಕಾರ 1980ರಲ್ಲಿ ಸ್ಥಾಪಿಸಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಂಪನಿಯ ಮೊದಲ ವಸತಿ ಕಬಿನಿ ದಂಡೆಯ ಕಾರಾಪುರದಲ್ಲಿ, ಮಹಾರಾಜರ ಹಳೆಯ ಬೇಟೆ ಬಂಗಲೆಯ ಆವರಣದಲ್ಲಿ ಆರಂಭವಾಯಿತು. ಖಾಸಗಿ ಪಾಲುದಾರರು ಹೊರಬಂದ ಮೇಲೆ ಕಂಪನಿ ಪೂರ್ಣವಾಗಿ ಸರ್ಕಾರದ್ದಾಯಿತು. ಇಲ್ಲಿ ಇಲಾಖೆಗಳ ನಡುವಿನ ಸಹಕಾರದ ಸ್ವರೂಪ ಗಮನಾರ್ಹವಾದುದು: ಕಂಪನಿ ಪ್ರವಾಸೋದ್ಯಮ ಇಲಾಖೆಯ ಅಧೀನದ್ದು, ಅದರ ಆಡಳಿತದ ಹೊಣೆ ಬಹುಮಟ್ಟಿಗೆ ಅರಣ್ಯ ಸೇವೆಯ ಅಧಿಕಾರಿಗಳದು, ಕಾಡಿನ ದಾರಿ ಮತ್ತು ವೇಳೆಯ ನಿಯಂತ್ರಣ ಅರಣ್ಯ ಇಲಾಖೆಯದು. ಹೀಗಾಗಿ ಅತಿಥಿಯಿಂದ ವರಮಾನ ಪಡೆಯುವವರೂ ಅತಿಥಿಯನ್ನು ತಡೆಯುವವರೂ ಒಂದೇ ಸರ್ಕಾರದ ಎರಡು ಕೈಗಳಾಗಿದ್ದು, ಒಂದರ ಉತ್ಸಾಹಕ್ಕೆ ಇನ್ನೊಂದು ಕಡಿವಾಣವಾಗಬಹುದೆಂಬುದು ಈ ಏರ್ಪಾಟಿನ ಒಳತರ್ಕವಾಗಿತ್ತು.

ಆ ಕಡಿವಾಣ ಎಲ್ಲ ಸಂದರ್ಭಗಳಲ್ಲೂ ಬಿಗಿಯಾಗಿರಲಿಲ್ಲ. ನಾಗರಹೊಳೆಯ ಒಳಗಿನ ಮೂರ್ಕಲ್ ಎಂಬಲ್ಲಿನ ಕಟ್ಟಡಗಳನ್ನು ಅರಣ್ಯ ಇಲಾಖೆ ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆಗೆ ಕೊಟ್ಟಾಗ, ತಮ್ಮ ಹಾಡಿಗಳಿಂದ, ಅಂದರೆ ಕಾಡಿನೊಳಗಿನ ವಸತಿಗಳಿಂದ, ಹೊರಹೋಗಬೇಕೆಂಬ ಒತ್ತಡಕ್ಕೆ ಸಿಲುಕಿದ್ದ ಆದಿವಾಸಿಗಳು ಪ್ರತಿಭಟಿಸಿದರು. ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಕೊಡುವ ಮುನ್ನ ಕೇಂದ್ರದ ಅನುಮತಿ ಪಡೆಯಬೇಕೆಂಬ 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಉಲ್ಲಂಘನೆಯಾಗಿದೆಯೆಂದು ರಾಜ್ಯ ಹೈಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಮುಂದೆ 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ದೇಶದ ಹುಲಿ ಮೀಸಲುಗಳ ತಿರುಳು ಪ್ರದೇಶದಲ್ಲಿ ಪ್ರವಾಸವನ್ನೇ ತಾತ್ಕಾಲಿಕವಾಗಿ ನಿಷೇಧಿಸಿ, ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗೆ ಒಳಪಟ್ಟು ಅನುಮತಿ ನೀಡಿತು. ಅದರಂತೆ ತಿರುಳು ಪ್ರದೇಶದಲ್ಲಿ ಪ್ರವಾಸಕ್ಕೆ ಬಳಸಬಹುದಾದ ಪಾಲು ಶೇ. 20ನ್ನು ಮೀರುವಂತಿಲ್ಲ, ವಾಹನಗಳ ಸಂಖ್ಯೆ ಕಾಡಿನ ಧಾರಣಶಕ್ತಿಗೆ, ಎಂದರೆ ಕೆಡದೆ ತಾಳಿಕೊಳ್ಳಬಲ್ಲ ಮಟ್ಟಕ್ಕೆ, ಹೊಂದಿರಬೇಕು.

ಕಾಡಿಗೆ ಯಾರು ಬರಬಹುದೆಂಬುದನ್ನು ಮೊದಲು ಅರಮನೆಯ ಕೃಪೆ, ಅನಂತರ ಟಿಕೆಟ್ಟು, ಈಗ ಟಿಕೆಟ್ಟಿನ ಜೊತೆಗೆ ಕಾನೂನಿನ ಮಿತಿ ನಿರ್ಧರಿಸುತ್ತ ಬಂದಿವೆ. ಹಾಡಿಯ ಗ್ರಾಮಸಭೆಗೆ ತನ್ನ ಸಮುದಾಯದ ಅರಣ್ಯವನ್ನು ಕಾಯುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯಿದೆ ಮಾನ್ಯ ಮಾಡಿರುವುದರಿಂದ, ಖೆಡ್ಡಾದ ಕಾಲದಿಂದ ದುಡಿಮೆಗಷ್ಟೇ ಕರೆಸಿಕೊಂಡವರನ್ನು ಬಿಟ್ಟು ಇಲಾಖೆಗಳು ತಮ್ಮ ನಡುವೆಯೇ ಮಾಡಿಕೊಳ್ಳುವ ಸಹಕಾರವನ್ನು ಪೂರ್ಣವೆನ್ನಲು ಇನ್ನು ಮುಂದೆ ಬಾರದು.