ಮೂಷಿಕದ ಮಿದುಳು, ಮನುಷ್ಯನ ರೋಗ: ಒಂದು ಸಾಕ್ಷ್ಯವಿಮರ್ಶೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು 1986ರವರೆಗೆ ಅವಿಭಕ್ತ ಬೆಂಗಳೂರು ಜಿಲ್ಲೆಯ ಅಂಗಗಳಾಗಿದ್ದವು. ಈ ಜಿಲ್ಲೆಯ ಚಿತ್ತವಿಕಾರಪೀಡಿತರಿಗೆ ಸರ್ಕಾರದ ಆಶ್ರಯವು 1847ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹುಚ್ಚರ ಆಸ್ಪತ್ರೆಯಿಂದ ಮೊದಲಾಯಿತು. (ಆ ಹೆಸರು ಇಂದಿನ ಕಿವಿಗೆ ಕಟುವಾದರೂ ದಾಖಲೆಯಲ್ಲಿದ್ದುದನ್ನು ನಾವು ತಿದ್ದುವಂತಿಲ್ಲ.) ಅದು 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿಕೊಂಡಿತು, 1954ರಲ್ಲಿ ಅದರ ಪಕ್ಕದಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಆ ದಶಕದ ಮಧ್ಯದಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವು ತೆರೆಯಲ್ಪಟ್ಟು, ವೈದ್ಯರೇ ಹಳ್ಳಿಗೆ ಹೊರಟರು. ಅವರ ಕೈಯಲ್ಲಿದ್ದ ಔಷಧಿಗಳು ಸ್ಕಿಜೋಫ್ರೇನಿಯಾ ರೋಗಿಯಲ್ಲಿ ಏತಕ್ಕೆ ಫಲಿಸುತ್ತವೆಂಬ ಅರಿವು ಮೊಲ, ಇಲಿಗಳ ಮಿದುಳಿನಿಂದ ಬಂದುದೆಂಬುದನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ.

ಸರ್ಪಗಂಧಿಯ ಬೇರು ಉನ್ಮಾದವನ್ನು ಶಮನಗೊಳಿಸುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರೆಸರ್ಪೀನ್ ಬೇರ್ಪಡಿಸಲ್ಪಟ್ಟಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ರೆಸರ್ಪೀನಿನಿಂದ ಜಡವಾಗಿ ಬಿದ್ದಿದ್ದ ಮೊಲಗಳಿಗೆ ಎಲ್-ಡೋಪ ಕೊಟ್ಟಾಗ ಅವು ಎದ್ದು ಓಡಾಡಿದವು. ಇಲಿಗಳಲ್ಲಿ ನಡೆಸಿದ 1963ರ ಪ್ರಯೋಗದಿಂದ, ಕ್ಲೋರ್‌ಪ್ರೋಮಜೀನ್ ಮೊದಲಾದ ಔಷಧಿಗಳು ಮಿದುಳಿನ ಗ್ರಾಹಕಗಳನ್ನು ತಡೆಯುತ್ತವೆಂದು ಆತನು ಊಹಿಸಿದನು. ಡೋಪಮೀನ್ ಸಿದ್ಧಾಂತಕ್ಕೆ ಬುನಾದಿ ಬಿದ್ದುದು ಇಲ್ಲಿ. 2000ದಲ್ಲಿ ಕಾರ್ಲ್‌ಸನ್ನನಿಗೆ ನೊಬೆಲ್ ಪಾರಿತೋಷಕವೂ ಸಂದಿತು.

ಆದರೆ ಈ ಔಷಧಿಗಳು ಇಲ್ಲದ ಧ್ವನಿಗಳನ್ನು ಅಡಗಿಸುವಷ್ಟು ಸುಲಭವಾಗಿ ರೋಗಿಯ ನಿರುತ್ಸಾಹವನ್ನೂ ಆಲೋಚನೆಯ ಕುಂದನ್ನೂ ನೀಗಿಸಲಾರವು. ಹೊಲಕ್ಕೆ ಹೋಗುತ್ತಿದ್ದವನು ಧ್ವನಿಗಳು ಅಡಗಿದ ಬಳಿಕವೂ ಜಗಲಿಯ ಮೇಲೆ ಮೂಕನಂತೆ ಕುಳಿತಿರುತ್ತಾನೆ. ಆ ಮೌನಕ್ಕೆ ಮದ್ದು ಹುಡುಕುವ ಆಸೆಯೇ ಸಂಶೋಧಕರನ್ನು ಮಿದುಳಿನ ಇತರ ಪ್ರೋಟೀನುಗಳ ಕಡೆಗೆ ತಿರುಗಿಸಿತು.

ಅವುಗಳಲ್ಲಿ ರೀಲಿನ್ ಎಂಬುದರ ಕಥೆ ವಿಚಿತ್ರವಾದುದು. ತೂರಾಡುತ್ತ ನಡೆಯುವ ಒಂದು ಇಲಿಯ ತಳಿಯನ್ನು 1951ರಲ್ಲಿ ಎಡಿನ್‌ಬರೋದ ಫಾಲ್ಕನರ್ ವರ್ಣಿಸಿದನು. ಅದರ ದೋಷವಿದ್ದ ವಂಶವಾಹಿ ಸಿಕ್ಕಿದುದು 1995ರಲ್ಲಿ. ಅದು ನಿರ್ಮಿಸುವ ಪ್ರೋಟೀನಿಗೆ ರೀಲಿನ್ ಎಂದು ಹೆಸರಾಯಿತು. 1998ರಲ್ಲಿ ಅಮೆರಿಕೆಯ ಸಂಶೋಧಕರು ಮೃತ ಸ್ಕಿಜೋಫ್ರೇನಿಯಾ ರೋಗಿಗಳ ಮಿದುಳಿನಲ್ಲಿ ಅದೇ ಪ್ರೋಟೀನು ಸುಮಾರು ಅರ್ಧಕ್ಕೆ ಇಳಿದಿರುವುದನ್ನು ಕಂಡರು. ದೋಷವನ್ನು ಒಂದೇ ಪಾಲಿನಲ್ಲಿ ಪಡೆದ ಇಲಿಯಲ್ಲಿಯೂ ಅದು ಅರ್ಧವೇ! ಗಾಬಾ ಎಂಬ ಶಾಂತಿಕಾರಕ ದ್ರವ್ಯವನ್ನು ತಯಾರಿಸುವ ಗ್ಯಾಡ್-67 ಪ್ರೋಟೀನು ಸಹ ಇಬ್ಬರಲ್ಲಿಯೂ ಕುಗ್ಗಿತ್ತು.

ಹೊಂದಿಕೆ ಮೋಹಕವಾಗಿದೆ. ಆದರೆ ಎರಡು ಶಾಸನಗಳ ಲಿಪಿ ಹೋಲುವುದೆಂಬ ಮಾತ್ರಕ್ಕೆ ಬರೆಯಿಸಿದವನು ಒಬ್ಬನೇ ಎನ್ನಲಾದೀತೆ? ಇಲಿಗೆ ಧ್ವನಿ ಕೇಳಿಸುತ್ತದೆಯೋ ಇಲ್ಲವೋ ಎಂದು ವಿಚಾರಿಸುವಂತಿಲ್ಲ. ಅಳೆಯಬಹುದಾದುದು, ದೊಡ್ಡ ಸದ್ದಿಗೆ ಮೊದಲು ಸಣ್ಣ ಸದ್ದು ಕೇಳಿಸಿದರೆ ಅದರ ಬೆಚ್ಚುವಿಕೆ ಎಷ್ಟು ತಗ್ಗುತ್ತದೆ ಎಂಬಂಥ ಲಕ್ಷಣವನ್ನು. ಆ ಪರೀಕ್ಷೆಯಲ್ಲಿಯೂ ರೀಲಿನ್ ಕುಂದಿದ ಇಲಿಗಳ ಫಲಿತಾಂಶವು ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಭಿನ್ನವಾಗಿ ಬಂದಿದೆ. ಕೆಟಮೀನ್ ಕೊಟ್ಟ ಇಲಿಗಳಲ್ಲಿ ಪಾರ್ವಾಲ್ಬುಮಿನ್ ಪ್ರೋಟೀನು ಇಳಿಯುವುದು 2007ರ ಹೊತ್ತಿಗೆ ತಿಳಿದಿದ್ದರೂ, ಕೆಲವು ದಿನಗಳ ವಿಷಪ್ರಭಾವವು ಯೌವನದಲ್ಲಿ ಮೆಲ್ಲಗೆ ತಲೆದೋರುವ ರೋಗದ ಪ್ರತಿರೂಪವೆಂದು ಒಪ್ಪಲು ನಮಗೆ ಕಷ್ಟವೆನಿಸುತ್ತದೆ.

ಮೃತರ ಮಿದುಳೂ ನಿಷ್ಕಳಂಕ ಸಾಕ್ಷಿಯಲ್ಲ. ಅದು ವರ್ಷಗಟ್ಟಲೆ ಔಷಧಿಯನ್ನು ಕುಡಿದ ಮಿದುಳು. ಆದಕಾರಣ ಎಚ್ಚರವುಳ್ಳ ಸಂಶೋಧಕರು ಆರೋಗ್ಯವಂತ ಇಲಿಗಳಿಗೆ ಬಹುದಿನ ಹಾಲೋಪೆರಿಡಾಲ್ ಕೊಟ್ಟು, ಅವುಗಳ ಪ್ರೋಟೀನುಗಳಲ್ಲಿ ಅದೇ ಬದಲಾವಣೆ ಕಾಣುವುದೋ ಎಂದು ನೋಡುತ್ತಾರೆ. ಕಂಡರೆ ಅದನ್ನು ರೋಗದ ಲೆಕ್ಕಕ್ಕೆ ಬರೆಯುವುದಿಲ್ಲ. ಪ್ರಾಣಿಪ್ರಯೋಗದ ಅತ್ಯಂತ ಪ್ರಾಮಾಣಿಕವಾದ ಉಪಯೋಗವು ಇದೆಂದು ನಮ್ಮ ಅಭಿಪ್ರಾಯ. ಮನುಷ್ಯನ ಮಿದುಳನ್ನೇ ನೇರವಾಗಿ ಪರೀಕ್ಷಿಸಲು ಬಂಧುಗಳು ದಾನವಿತ್ತ ಮಿದುಳುಗಳನ್ನು ಕಾಪಿಡುವ ಭಂಡಾರವೊಂದು 1995ರಿಂದ ನಿಮ್ಹಾನ್ಸಿನಲ್ಲಿದೆ.