ಮದೈರಾ ದ್ವೀಪದ ನೀರ ಕಣಿ, ಅದರ ಬದಿಯ ಕಾಲುದಾರಿ

ನಾನು ಸಣ್ಣವನಿರುವಾಗ ಬೇಸಗೆಯಲ್ಲಿ ಅಪ್ಪ ನಡುರಾತ್ರಿ ಎಬ್ಬಿಸುತ್ತಿದ್ದರು. ಕಟ್ಟದ ನೀರು ನಮ್ಮ ಅಡಿಕೆ ತೋಟಕ್ಕೆ ತಿರುಗುವ ಸರದಿ. ಸೂಟೆ ಹಿಡಿದು ಕಣಿಯ ಬದಿಯಲ್ಲೇ ನಡೆಯಬೇಕು, ಏಡಿ ತೂತು ಮಾಡಿದಲ್ಲಿ ಮಣ್ಣು ಸೊಪ್ಪು ತುಂಬಿಸಬೇಕು. ಆ ಕಾಲುದಾರಿಯನ್ನು ಯಾರೂ ಬೇಕಂತ ಮಾಡಿದ್ದಲ್ಲ, ನೀರಿನ ಹಿಂದೆ ನಡೆದೂ ನಡೆದೂ ಆದದ್ದು. ಇಂಥ ದಾರಿಯಲ್ಲಿ ನಡೆಯಲಿಕ್ಕೆಂದೇ ದೇಶದೇಶದ ಜನ ವಿಮಾನ ಹತ್ತಿ ಹೋಗುವ ದ್ವೀಪವೊಂದು ಉಂಟು. ಅದೇ ಮದೈರಾ. ನಾನು ಅಲ್ಲಿಗೆ ಹೋದವನಲ್ಲ. ಆದರೆ ಅದರ ಚರಿತ್ರೆ ಓದುವಾಗ ನಮ್ಮ ಕಟ್ಟ, ಸುರಂಗಗಳೇ ಕಣ್ಣೆದುರು ಬರುತ್ತವೆ.

ಮದೈರಾ ಇರುವುದು ಅಟ್ಲಾಂಟಿಕ್ ಸಾಗರದಲ್ಲಿ, ಮೊರಾಕ್ಕೊದ ಪಶ್ಚಿಮಕ್ಕೆ. ಪೋರ್ಚುಗಲ್ ದೇಶಕ್ಕೆ ಸೇರಿದ್ದು. 1961ರ ತನಕ ಗೋವವನ್ನು ಹಿಡಿದಿಟ್ಟುಕೊಂಡಿದ್ದ, ನಮ್ಮ ಮಾತಿಗೆ ‘ಚಾವಿ’, ‘ಪಗಾರ’ ಕೊಟ್ಟುಹೋದ ಅದೇ ಪೋರ್ಚುಗೀಸರು. ದ್ವೀಪದ ಉದ್ದ ಸುಮಾರು 57 ಕಿಲೋಮೀಟರ್, ಅಗಲ 22. ಅಷ್ಟರೊಳಗೆ 1862 ಮೀಟರ್ ಎತ್ತರದ ಬೆಟ್ಟ ಎದ್ದು ನಿಂತಿದೆ. ಹೆಸರಿನ ಅರ್ಥ ‘ಮರಮಟ್ಟು’. 1420ರ ಸುಮಾರಿಗೆ ಪೋರ್ಚುಗೀಸರು ನೆಲೆಸಲು ಬಂದಾಗ ದ್ವೀಪದ ತುಂಬ ಕಾಡೇ ಇತ್ತು.

ಬಂದವರಿಗೆ ಎದುರಾದದ್ದು ನೀರಿನ ಸಮಸ್ಯೆ. ಸಮುದ್ರದ ಗಾಳಿ ಮೋಡವನ್ನು ತಂದು ಸುರಿಸುವುದು ಉತ್ತರದ ಬದಿಗೆ. ಬಿಸಿಲು, ಬೆಳೆಗೆ ಒಗ್ಗುವ ನೆಲ ಇರುವುದು ದಕ್ಷಿಣದ ಬದಿಗೆ. ಆದ್ದರಿಂದ ಊಟೆಗಳಿಂದ, ಹೊಳೆಯ ತಲೆಯಿಂದ ನೀರನ್ನು ಸಣ್ಣ ಕಣಿಗಳಲ್ಲಿ ಗುಡ್ಡದ ಮೈ ಸುತ್ತಿಸಿ ತಂದರು. ಇವಕ್ಕೆ ಅಲ್ಲಿ ‘ಲೆವಾದ’ ಎನ್ನುತ್ತಾರೆ, ಒಯ್ಯುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದ ಹೆಸರು. ಇಳಿಜಾರು ಹೆಚ್ಚಾದರೆ ನೀರು ಕಣಿಯನ್ನೇ ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಹಾಗಾಗಿ ಕಣ್ಣಿಗೆ ಸಮತಟ್ಟು ಕಾಣುವಷ್ಟು ಮೆಲ್ಲನೆ ಇಳಿಸಿದ್ದಾರೆ. ಇವತ್ತಿನ ಪ್ರವಾಸಿಗಳು ಅಂಥ ಕಡಿದಾದ ಬೆಟ್ಟದಲ್ಲೂ ಏದುಸಿರು ಬಿಡದೆ ನಡೆಯುವುದಕ್ಕೆ ಇದೇ ಕಾರಣ.

ಈ ಕಣಿಗಳ ಮೊದಲ ಚರಿತ್ರೆ ಸಿಹಿಯಲ್ಲ, ಸಕ್ಕರೆಯದಾದರೂ! 15ನೇ ಶತಮಾನದಲ್ಲಿ ಇಲ್ಲಿನ ಸಕ್ಕರೆ ಯುರೋಪಿನ ಪೇಟೆಗಳಿಗೆ ಹೋಗುತ್ತಿತ್ತು. ಕಬ್ಬಿಗೆ ನೀರು ಬೇಕು, ಆಲೆಮನೆಗೆ ಸೌದೆ ಬೇಕು, ಎರಡಕ್ಕೂ ಆಳು ಬೇಕು. ಕೆನರಿ ದ್ವೀಪಗಳಿಂದ, ಆಫ್ರಿಕದಿಂದ ಗುಲಾಮರನ್ನು ತಂದು ದುಡಿಸಿದರು. ದಕ್ಷಿಣದ ಕಾಡು ಒಲೆಗೆ ಹೋಯಿತು. ಆಮೇಲೆ ಬ್ರೆಜಿಲ್‌ನ ಸಕ್ಕರೆ ಬಂದು ಇಲ್ಲಿನದ್ದು ಬಿದ್ದುಹೋಯಿತು, ದ್ರಾಕ್ಷಿ ಬಂತು, ಬಾಳೆ ಬಂತು. ಬೆಳೆ ಬದಲಾದರೂ ಕಣಿ ಉಳಿಯಿತು.

ನೀರು ಯಾರದ್ದು? ಜಗಳ ಇದ್ದದ್ದೇ ಇಲ್ಲಿ. ಅಲ್ಲಿ ನೀರಿನ ಪಾಲನ್ನು ಜಾಗದಿಂದ ಬೇರೆ ಮಾಡಿ ಮಾರಬಹುದಿತ್ತು. ಜಾಗ ಇದ್ದವನಿಗೆ ನೀರಿಲ್ಲ, ನೀರಿದ್ದವನಿಗೆ ಜಾಗ ಬೇಕೆಂದಿಲ್ಲ. ಕಲ್ಲು ಹೊತ್ತು ಕಟ್ಟೆ ಕಟ್ಟಿ ಮೆಟ್ಟಿಲು ಗದ್ದೆ ಮಾಡಿದ ಒಕ್ಕಲು ಬೆಳೆಯ ಅರ್ಧವನ್ನು ಧನಿಗೆ ಅಳೆಯಬೇಕಿತ್ತು. ಆ ಪದ್ಧತಿ ರದ್ದಾದದ್ದು 1977ರಲ್ಲಿ. ಗೇಣಿಯ ಕಾಲ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1940ರ ದಶಕದಿಂದ ಸರಕಾರವೇ ದೊಡ್ಡ ಲೆವಾದಗಳನ್ನು ಕಟ್ಟಿಸಿತು. ಒಂದೇ ನೀರು ಮೊದಲು ವಿದ್ಯುತ್ ಯಂತ್ರ ತಿರುಗಿಸಿ, ಆಮೇಲೆ ತೋಟಕ್ಕೆ ಇಳಿಯುವ ಹಾಗೆ ಏರ್ಪಾಡು ಮಾಡಿತು. ಬಂಡೆ ಕೊರೆದು ಸುರಂಗ ಮಾಡಿದರು. ಪ್ರಪಾತದ ಮೇಲಿಂದ ಹಗ್ಗದಲ್ಲಿ ಜೋತುಬಿದ್ದು ಕೆಲಸ ಮಾಡಿದವರಲ್ಲಿ ಜೀವ ಬಿಟ್ಟವರೂ ಇದ್ದಾರೆ. ಆದರೆ 1962ರಲ್ಲಿ ಪೋಂತ ದೊ ಸೊಲ್ ಎಂಬಲ್ಲಿನ ಲೊಂಬಾದದ ಜನ, ತಲೆತಲಾಂತರದಿಂದ ತಾವು ಹಂಚಿಕೊಂಡ ನೀರು ಸರಕಾರದ ಕೈಗೆ ಹೋಗಬಾರದೆಂದು ಎದ್ದುನಿಂತರು. ಪೊಲೀಸರು ಬಂದರು. ಆ ಗಲಾಟೆಯಲ್ಲಿ ಹರೆಯದ ಹುಡುಗಿಯೊಬ್ಬಳು ಸತ್ತಳು. ನೀರಿನ ಸರದಿ ಅಂದರೆ ಗಡಿಯಾರದ ಲೆಕ್ಕ ಮಾತ್ರ ಅಲ್ಲ ಮಾರಾಯ್ರೆ!

ಈಗ ಲೆವಾದಗಳ ಒಟ್ಟು ಉದ್ದ 2000 ಕಿಲೋಮೀಟರಿಗೂ ಮೇಲೆ. ಪಕ್ಕದ ಕಾಲುದಾರಿ ಮೊದಲು ‘ಲೆವಾದೈರೊ’ಗೆ, ಅಂದರೆ ಕಣಿ ಶುಚಿ ಮಾಡಿ ಸರದಿಯಂತೆ ನೀರು ತಿರುಗಿಸುವವನಿಗೆ, ನಡೆಯಲೆಂದೇ ಇದ್ದದ್ದು. ಇಂದು ಅದೇ ದಾರಿಯಲ್ಲಿ ಪ್ರವಾಸಿಗಳು ಟಾರ್ಚ್ ಹಿಡಿದು ಸುರಂಗ ದಾಟಿ ಕಲ್ದೈರಾಂವ್ ವೆರ್ದೆ ಜಲಪಾತಕ್ಕೆ ಹೋಗುತ್ತಾರೆ. ಉತ್ತರದ ಬದಿಯಲ್ಲಿ ಉಳಿದ ಹಳೇ ಕಾಡು 1999ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮಂಜನ್ನು ಎಲೆಯಲ್ಲಿ ಹಿಡಿದು ನೆಲಕ್ಕೆ ತೊಟ್ಟಿಕ್ಕಿಸುವುದು ಆ ಕಾಡು. ಕಾಡು ಹೋದರೆ ಕಣಿಯೂ ಒಣಗಿತು.

ನಮ್ಮಲ್ಲಿ ಬೋರ್‌ವೆಲ್ ಬಂದ ಮೇಲೆ ಕಟ್ಟ ಹಾಕುವವರು ಕಡಿಮೆಯಾದರು. ನಮ್ಮ ಕಣಿಯ ಬದಿಯ ದಾರಿ ಈಗ ಕಾಡು ಬಿದ್ದಿದೆ. ಅಲ್ಲಿಗೆ ಪ್ರವಾಸಿಗಳು ಬರಬೇಕೆಂದು ನಾನು ಹೇಳುವುದಿಲ್ಲ. ಯಾವ ಮನೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಬಾಯಲ್ಲೇ ಇಟ್ಟುಕೊಂಡವರು ಊರಲ್ಲಿ ಇನ್ನು ಮೂರ್ನಾಲ್ಕು ಮಂದಿ ಇದ್ದಾರೆ. ಮಾಸ್ಟ್ರುಗಳು ಒಂದು ಶನಿವಾರ ಮಕ್ಕಳನ್ನು ಅವರೊಟ್ಟಿಗೆ ಕಣಿಯ ಉದ್ದಕ್ಕೂ ನಡೆಸಿ, ಅವರು ಹೇಳಿದ್ದನ್ನು ಬರೆಸಿ ಈ ವಾಚನಾಲಯದಲ್ಲಿ ಇಟ್ಟರೆ ಸಾಕು. ಕತ್ತಿ ಹಿಡಿದು ಮುಂದಿನಿಂದ ದಾರಿ ಸವರಲು ನಾನು ಬರುತ್ತೇನೆ.