ಖಾಲಿ ಆಸನಗಳ ಸಾಕ್ಷ್ಯ: ಓಕ್ಲೆಂಡ್ ಅಥ್ಲೆಟಿಕ್ಸ್ ತಂಡವೂ ಅದರ ಅಭಿಮಾನಿಗಳ ಅಸಮಾಧಾನವೂ

1990ನೆಯ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಓಕ್ಲೆಂಡ್ ನಗರದ ಕೊಲಿಸಿಯಮ್ ಕ್ರೀಡಾಂಗಣಕ್ಕೆ ಅಥ್ಲೆಟಿಕ್ಸ್ ಎಂಬ ವೃತ್ತಿಪರ ಬೇಸ್‌ಬಾಲ್ ತಂಡದ ಆಟವನ್ನು ನೋಡಲು ಬಂದ ಪ್ರೇಕ್ಷಕರ ಸಂಖ್ಯೆ 29,00,217. ಅದೇ ನಗರದಲ್ಲಿ, ಅದೇ ಕ್ರೀಡಾಂಗಣದಲ್ಲಿ, ಅದೇ ಹೆಸರಿನ ತಂಡದ ಆಟಕ್ಕೆ 2022ರಲ್ಲಿ ಬಂದವರು 7,87,902 ಮಂದಿ. ಈ ಎರಡು ಸಂಖ್ಯೆಗಳ ನಡುವಣ ಅಂತರಕ್ಕೆ ಕಾರಣವೇನೆಂಬ ವಿಷಯದಲ್ಲಿ ಎರಡು ವಾದಗಳಿವೆ. ಕ್ರೀಡಾಂಗಣ ಜೀರ್ಣವಾಗಿದೆ, ತಂಡವನ್ನು ಪೋಷಿಸುವ ಶಕ್ತಿ ಆ ನಗರಕ್ಕೆ ಸಾಲದು, ಆದಕಾರಣ ಬೇರೊಂದು ಊರನ್ನು ಅರಸಿ ಹೋಗುವುದು ಅನಿವಾರ್ಯ ಎಂಬುದು ತಂಡದ ಆಡಳಿತದ ವಾದ. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಕಳುಹಿಸಿಬಿಟ್ಟು, ಟಿಕೆಟಿನ ದರವನ್ನೇರಿಸಿ, ಊರು ಬಿಡುವ ಮಾತನ್ನು ಪದೇ ಪದೇ ಆಡಿ ಜನರನ್ನು ದೂರಮಾಡಿದವರೇ ಈಗ ಜನ ಬರುವುದಿಲ್ಲವೆಂದು ದೂರುತ್ತಿದ್ದಾರೆ ಎಂಬುದು ಅಭಿಮಾನಿಗಳ ವಾದ. ಹೀಗೆ ಒಂದೇ ಖಾಲಿ ಆಸನ ಎರಡು ಪಕ್ಷಗಳಿಗೂ ಸಾಕ್ಷಿಯಾಗಿ ನಿಂತಿರಲಾಗಿ, ಆ ಸಾಕ್ಷ್ಯದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಯಾರ ಕೈಯಲ್ಲಿತ್ತು, ಅದನ್ನು ಮರಳಿ ಪಡೆಯುವುದಕ್ಕೆ ಪ್ರೇಕ್ಷಕರು ಏನು ಮಾಡಿದರು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಟ್ಟಿದ್ದನ್ನು ಕೆಡಹುವುದು ಈ ತಂಡದ ಇತಿಹಾಸದಲ್ಲಿ ಹೊಸತಲ್ಲ. 1901ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದ ಅಥ್ಲೆಟಿಕ್ಸ್ ತಂಡವನ್ನು ಅರ್ಧ ಶತಮಾನ ನಡೆಸಿದ ಕಾನಿ ಮ್ಯಾಕ್, 1914ರ ತರುವಾಯ ಒಮ್ಮೆ, 1930ರ ದಶಕದ ಆದಿಯಲ್ಲಿ ಇನ್ನೊಮ್ಮೆ, ಹಣದ ಮುಗ್ಗಟ್ಟಿನಿಂದ ತನ್ನ ವಿಜಯೀ ತಂಡಗಳನ್ನು ತಾನೇ ಚದರಿಸಿದನು. 1955ರಲ್ಲಿ ತಂಡ ಕ್ಯಾನ್ಸಸ್ ಸಿಟಿಗೆ ಹೋಯಿತು. ಅಲ್ಲಿದ್ದ ಕಾಲದಲ್ಲಿ ಅದರ ಒಳ್ಳೆಯ ಆಟಗಾರರು ಮೇಲಿಂದ ಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಪಾಲಾದರು. 1961ರಲ್ಲಿ 61 ಹೋಮ್ ರನ್‌ಗಳನ್ನು ಹೊಡೆದು ಕೀರ್ತಿಶಾಲಿಯಾದ ರೋಜರ್ ಮ್ಯಾರಿಸ್ ಹಾಗೆ 1959ರ ಡಿಸೆಂಬರಿನಲ್ಲಿ ಹೋದವನೇ. ತಂಡದ ಒಡೆಯ ಚಾರ್ಲ್ಸ್ ಫಿನ್ಲಿ 1968ರಲ್ಲಿ ಅದನ್ನು ಓಕ್ಲೆಂಡಿಗೆ ತಂದನು. 1972, 1973, 1974 ಈ ಮೂರು ವರ್ಷಗಳಲ್ಲಿ ಒಂದರ ಹಿಂದೊಂದರಂತೆ ಅದು ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನು ಗೆದ್ದಿತು.

ನಮ್ಮ ಪ್ರಶ್ನೆಗೆ ಇತಿಹಾಸವೇ ಒದಗಿಸಿಕೊಟ್ಟ ಪ್ರಯೋಗವೊಂದು ಇಲ್ಲಿಂದ ಮೊದಲಾಗುತ್ತದೆಯಾದ್ದರಿಂದ ಸ್ವಲ್ಪ ನಿಂತು ನೋಡತಕ್ಕದ್ದು. ಆಟಗಾರರು ಒಪ್ಪಂದ ಮುಗಿದ ಮೇಲೆ ತಮಗಿಷ್ಟವಾದ ತಂಡವನ್ನು ಸೇರಬಹುದೆಂಬ ಹೊಸ ಹಕ್ಕು ಬಂದಾಗ, ಅವರು ಹೇಗೂ ಹೋಗುವವರೇ ಎಂದೆಣಿಸಿದ ಫಿನ್ಲಿ, 1976ರ ಜೂನ್ ತಿಂಗಳಲ್ಲಿ ಜೋ ರೂಡಿ, ರಾಲಿ ಫಿಂಗರ್ಸ್, ವೈಡಾ ಬ್ಲೂ ಎಂಬ ಮೂವರನ್ನು ಒಟ್ಟು 35 ಲಕ್ಷ ಡಾಲರುಗಳಿಗೆ ಮಾರಲು ಹೊರಟನು; ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಆ ಮಾರಾಟವನ್ನು ರದ್ದುಮಾಡಿದರೂ ತಂಡ ಒಡೆಯುವುದು ತಪ್ಪಲಿಲ್ಲ. 1979ರಲ್ಲಿ ಅದು 108 ಪಂದ್ಯಗಳನ್ನು ಸೋತಿತು. ಆ ವರ್ಷದ ಒಟ್ಟು ಪ್ರೇಕ್ಷಕರು 3,06,763 ಮಂದಿ. ಏಪ್ರಿಲ್ 17ರ ಪಂದ್ಯಕ್ಕೆ ಲೆಕ್ಕಪುಸ್ತಕದ ಪ್ರಕಾರವೇ ಬಂದಿದ್ದವರು 653 ಜನ. ಆ ಸಂಜೆ ಕೊಲಿಸಿಯಮ್ಮಿನ ಖಾಲಿ ಮೆಟ್ಟಿಲುಗಳನ್ನು ಕಂಡವನು, ಈ ಊರಿಗೆ ಬೇಸ್‌ಬಾಲಿನ ಅಭಿರುಚಿಯಿಲ್ಲವೆಂದು ತೀರ್ಮಾನಿಸಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ. ಆದರೆ 1980ರಲ್ಲಿ ಲೀವೈ ಸ್ಟ್ರಾಸ್ ಉಡುಪಿನ ಸಂಸ್ಥೆಯ ವಾಲ್ಟರ್ ಹಾಸ್ ಅವರ ಕುಟುಂಬ ತಂಡವನ್ನು ಕೊಂಡು, ಆಟಗಾರರ ಮೇಲೂ ಊರಿನ ಸ್ನೇಹದ ಮೇಲೂ ಹಣವನ್ನು ತೊಡಗಿಸಿದ ಮೇಲೆ, 1988ರಿಂದ 1990ರವರೆಗೆ ಮೂರು ವರ್ಷವೂ ಅಮೆರಿಕನ್ ಲೀಗ್ ಪ್ರಶಸ್ತಿ, 1989ರಲ್ಲಿ ವರ್ಲ್ಡ್ ಸೀರೀಸ್, ಮೊದಲು ಹೇಳಿದ ಇಪ್ಪತ್ತೊಂಬತ್ತು ಲಕ್ಷದ ಜನಸಂದಣಿ, ಇವೆಲ್ಲವೂ ಸಂಭವಿಸಿದುವು. ಊರು ಬದಲಾಗಲಿಲ್ಲ, ಕ್ರೀಡಾಂಗಣ ಬದಲಾಗಲಿಲ್ಲ, ಬದಲಾದುದು ಒಡೆತನ. ಹನ್ನೊಂದು ವರ್ಷಗಳಲ್ಲಿ ಪ್ರೇಕ್ಷಕರ ಸಂಖ್ಯೆ ಒಂಬತ್ತು ಪಟ್ಟು ಮೀರಿ ಬೆಳೆದ ಈ ಒಂದು ನಿದರ್ಶನ, ನನ್ನ ದೃಷ್ಟಿಯಲ್ಲಿ, ನಗರದ ಅಶಕ್ತಿಯ ವಾದಕ್ಕೆ ಬಲವಾದ ಉತ್ತರ.

ಪ್ರತಿಪಕ್ಷಕ್ಕೂ ಸಲ್ಲಬೇಕಾದುದನ್ನು ಸಲ್ಲಿಸಬೇಕು. 1966ರಲ್ಲಿ ತೆರೆದ ಕೊಲಿಸಿಯಮ್ ನಿಜವಾಗಿಯೂ ಶಿಥಿಲವಾಗಿತ್ತು. 2013ರಲ್ಲಿ ಚರಂಡಿಯ ನೀರು ಆಟಗಾರರ ಕೋಣೆಗಳಿಗೆ ನುಗ್ಗಿತು. ಫುಟ್‌ಬಾಲ್ ತಂಡಕ್ಕಾಗಿ 1990ರ ದಶಕದಲ್ಲಿ ಎಬ್ಬಿಸಿದ ಕಾಂಕ್ರೀಟಿನ ಮಹಡಿ, ಓಕ್ಲೆಂಡಿನ ಬೆಟ್ಟಗಳ ಸುಂದರ ನೋಟವನ್ನು ಮರೆಮಾಡಿ, ಪ್ರೇಕ್ಷಕನ ಕಣ್ಣಿಗೆ ಸಿಮೆಂಟನ್ನು ಮಾತ್ರ ಉಳಿಸಿತು. 2019ರಲ್ಲಿ ತಂಡ 97 ಪಂದ್ಯಗಳನ್ನು ಗೆದ್ದಾಗಲೂ ಬಂದವರು 16 ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ. ಇತರ ತಂಡಗಳ ಸರಾಸರಿಗಿಂತ ಇದು ಕಡಮೆ. ಗೆಲವೊಂದೇ ಜನರನ್ನು ತರಲಾರದೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಹೊತ್ತಿಗಾಗಲೇ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮುಂದಿನ ವರ್ಷ ತಂಡ ಇಲ್ಲಿರುವುದೋ ಇಲ್ಲವೋ ಎಂಬ ಶಂಕೆಯಲ್ಲಿ ಬದುಕಿದ ಊರು ಅದು. ಮನೆ ಬಿಡುವೆನೆಂದು ದಿನವೂ ಹೇಳುವ ಬಾಡಿಗೆದಾರನ ಮನೆಯಂಗಳದಲ್ಲಿ ನೆರೆಯವರು ಗಿಡ ನೆಡುವುದಿಲ್ಲ.

ಈ ಸ್ಥಿತಿಯನ್ನು ತಿಳಿಯುವುದಕ್ಕೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿನ ವಿಂಗಡಣೆ ಬಹಳ ಸಹಾಯಕವಾಗಿದೆ. ಕ್ಷೀಣಿಸುತ್ತಿರುವ ಸಂಸ್ಥೆಯೊಂದರ ಆಶ್ರಿತರಿಗೆ ಎರಡು ಮಾರ್ಗಗಳುಂಟು: ಬಿಟ್ಟುಹೋಗುವುದು ಒಂದು, ಅದು ನಿಷ್ಕ್ರಮಣ, ಉಳಿದು ಆಕ್ಷೇಪಿಸುವುದು ಇನ್ನೊಂದು, ಅದು ವಾಕ್. ಇವೆರಡರ ನಡುವೆ ತೂಗುವುದು ನಿಷ್ಠೆ. ಮಾರುಕಟ್ಟೆಯ ಸಾಮಾನ್ಯ ತತ್ತ್ವದ ಪ್ರಕಾರ ಗಿರಾಕಿ ಹೊರಟುಹೋದರೆ ವರ್ತಕ ಎಚ್ಚರಗೊಳ್ಳಬೇಕು. ಆದರೆ ನೈಜೀರಿಯಾ ದೇಶದ ರೈಲ್ವೆಯನ್ನು ನೋಡಿದಾಗ ಹರ್ಷ್‌ಮನ್ನರಿಗೆ ಇದಕ್ಕೆ ವಿರುದ್ಧವಾದ ಸಂಗತಿ ಹೊಳೆಯಿತು: ಸರಕೆಲ್ಲ ಲಾರಿಗಳ ಪಾಲಾದರೂ ರೈಲ್ವೆಯ ಆಡಳಿತ ಸುಧಾರಿಸಲಿಲ್ಲ, ಏಕೆಂದರೆ ನಷ್ಟವನ್ನು ತುಂಬಿಕೊಡುವುದಕ್ಕೆ ಸರ್ಕಾರದ ಬೊಕ್ಕಸವಿತ್ತು, ಗಟ್ಟಿಯಾಗಿ ಗದ್ದಲವೆಬ್ಬಿಸಬಲ್ಲ ಗಿರಾಕಿಗಳು ಮೊದಲೇ ಹೊರಟುಹೋಗಿದ್ದರು. ಅಮೆರಿಕದ ಬೇಸ್‌ಬಾಲ್ ತಂಡದ ಒಡೆಯನ ಸ್ಥಿತಿ ಇದಕ್ಕಿಂತ ಬಹಳ ಬೇರೆಯಲ್ಲ. ದೂರದರ್ಶನದ ರಾಷ್ಟ್ರೀಯ ಒಪ್ಪಂದಗಳ ಹಣ ಮೂವತ್ತು ತಂಡಗಳಿಗೂ ಹಂಚಿಹೋಗುತ್ತದೆ; ಶ್ರೀಮಂತ ತಂಡಗಳ ಆದಾಯದ ಒಂದು ಭಾಗ ಬಡ ತಂಡಗಳಿಗೆ ಸಲ್ಲುತ್ತದೆ. 2016ರ ಒಪ್ಪಂದದಲ್ಲಿ ಕ್ರಮೇಣ ನಿಂತುಹೋಗಿದ್ದ ಈ ಪಾಲು 2022ರ ಒಪ್ಪಂದದಲ್ಲಿ ಅಥ್ಲೆಟಿಕ್ಸ್ ತಂಡಕ್ಕೆ ಮತ್ತೆ ದೊರೆಯಿತು. ಪ್ರೇಕ್ಷಕನು ಮನೆಯಲ್ಲಿ ಕುಳಿತರೆ ಒಡೆಯನಿಗೆ ನಷ್ಟವಾಗುವುದು ಆದಾಯದ ಒಂದು ಅಂಶ ಮಾತ್ರ. ಆದರೆ ಆ ಖಾಲಿ ಆಸನ, ಊರು ಬಿಡಲು ಅನುಮತಿ ಬೇಡುವ ದಿನ, ಅವನ ಕೈಯಲ್ಲಿ ಅಮೂಲ್ಯವಾದ ದಾಖಲೆಯಾಗುತ್ತದೆ. ಹರ್ಷ್‌ಮನ್ನರ ರೈಲ್ವೆಯಲ್ಲಿ ನಿಷ್ಕ್ರಮಣ ನಿಷ್ಫಲವಾಗಿತ್ತು. ಓಕ್ಲೆಂಡಿನಲ್ಲಿ ಅದು ನಿಷ್ಕ್ರಮಿಸಿದವನ ವಿರುದ್ಧವೇ ತಿರುಗಿತು. ಈ ಭೇದವನ್ನು ವಿದ್ವಾಂಸರು ಇನ್ನೂ ಹೆಚ್ಚಾಗಿ ಗಮನಿಸಬೇಕೆಂಬುದು ನನ್ನ ಬಿನ್ನಹ.

ಅತೃಪ್ತನಾದ ನಗರವಾಸಿ ಬೇರೊಂದು ತಂಡವನ್ನು ಏಕೆ ತರಬಾರದೆಂದು ಕೇಳಬಹುದು. ಅದಕ್ಕೆ ನ್ಯಾಯಾಂಗವೇ ಅಡ್ಡಿ. ಬೇಸ್‌ಬಾಲ್ ಪ್ರದರ್ಶನವು ಅಂತರರಾಜ್ಯ ವಾಣಿಜ್ಯವಲ್ಲವೆಂದು 1922ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಅವರು ಬರೆದ ತೀರ್ಪಿನಿಂದ ಏಕಸ್ವಾಮ್ಯ ನಿರೋಧಕ ಶಾಸನದ ಹಿಡಿತದಿಂದ ತಪ್ಪಿಸಿಕೊಂಡ ಈ ಉದ್ಯಮ, 1953ರಲ್ಲಿಯೂ 1972ರಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿ ಅದೇ ರಕ್ಷಣೆಯನ್ನು ಉಳಿಸಿಕೊಂಡಿತು. ಯಾವ ಪ್ರದೇಶ ಯಾವ ತಂಡದ್ದೆಂಬುದನ್ನು ಒಡೆಯರೇ ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳುತ್ತಾರೆ. ಹಾಸ್ ಅವರು 1990ರ ಸುಮಾರಿನಲ್ಲಿ, ನೆರೆಯ ಸ್ಯಾನ್‌ಫ್ರಾನ್ಸಿಸ್ಕೋ ಜೈಂಟ್ಸ್ ತಂಡ ಹೊಸ ನೆಲೆಯನ್ನು ಹುಡುಕುತ್ತಿದ್ದಾಗ, ಸ್ಯಾನ್ ಹೊಸೆ ಪ್ರದೇಶದ ಹಕ್ಕನ್ನು ಹಣ ಮುಟ್ಟದೆ ಔದಾರ್ಯದಿಂದ ಅವರಿಗೆ ಬಿಟ್ಟುಕೊಟ್ಟರು. ಜೈಂಟ್ಸ್ ಅಲ್ಲಿಗೆ ಹೋಗಲಿಲ್ಲ, ಹಕ್ಕು ಮಾತ್ರ ಅವರಲ್ಲಿಯೇ ಉಳಿಯಿತು. ಮುಂದೆ ಅಥ್ಲೆಟಿಕ್ಸ್ ಅದೇ ಸ್ಯಾನ್ ಹೊಸೆಗೆ ಹೋಗಬಯಸಿದಾಗ ಆ ದಾನವೇ ಬಾಗಿಲನ್ನು ಮುಚ್ಚಿತು. ಸ್ಯಾನ್ ಹೊಸೆ ನಗರ ಹೂಡಿದ ದಾವೆ 2015ರಲ್ಲಿ, 1922ರ ಆ ವಿನಾಯಿತಿಯ ಆಧಾರದ ಮೇಲೆಯೇ, ವಜಾ ಆಗಿ ಮುಗಿಯಿತು.

ಗ್ಯಾಪ್ ಬಟ್ಟೆಯಂಗಡಿಗಳ ಸ್ಥಾಪಕರ ಮಗನಾದ ಜಾನ್ ಫಿಷರ್, ಲೂ ವುಲ್ಫ್ ಅವರೊಡಗೂಡಿ 2005ರಲ್ಲಿ ತಂಡವನ್ನು ಕೊಂಡರು. ತರುವಾಯದ ವರ್ಷಗಳು ಸ್ಥಳಾನ್ವೇಷಣೆಯಲ್ಲಿ ಕಳೆದುವು. 2006ರಲ್ಲಿ ಘೋಷಿಸಿದ ಫ್ರೀಮಾಂಟ್ ಯೋಜನೆ 2009ರಲ್ಲಿ ಕೈಬಿಟ್ಟುಹೋಯಿತು. ಓಕ್ಲೆಂಡಿನ ಲೇನಿ ಕಾಲೇಜಿನ ಬಳಿಯ ಯೋಜನೆ 2017ರಲ್ಲಿ ಮುರಿಯಿತು. ಆಮೇಲೆ ಬಂದದ್ದು ಬಂದರಿನ ದಡದ ಹೋವರ್ಡ್ ಟರ್ಮಿನಲ್. ಇದೇ ಕಾಲದಲ್ಲಿ ತಂಡ ತನ್ನ ಪ್ರಚಾರದಲ್ಲಿ, ತಾನು ಓಕ್ಲೆಂಡಿನಲ್ಲಿ ಬೇರೂರಿದ ತಂಡವೆಂದು ಸಾರುತ್ತಿತ್ತೆಂಬುದನ್ನು ಮರೆಯಬಾರದು. ಅಭಿಮಾನಿಗಳ ಕೋಪಕ್ಕೆ ಸೋಲಿಗಿಂತ ಹೆಚ್ಚಾಗಿ ಈ ಮಾತೇ ಕಾರಣವಾಯಿತೆಂದು ನಾನು ನಂಬುತ್ತೇನೆ. 2021ರಲ್ಲಿ 86 ಪಂದ್ಯಗಳನ್ನು ಗೆದ್ದ ತಂಡದಿಂದ, ತರಬೇತುದಾರ ಬಾಬ್ ಮೆಲ್ವಿನ್ ಮೊದಲು ಹೋದರು. 2022ರ ವಸಂತದ ಕೆಲವೇ ವಾರಗಳಲ್ಲಿ ಕ್ರಿಸ್ ಬ್ಯಾಸಿಟ್, ಮ್ಯಾಟ್ ಓಲ್ಸನ್, ಮ್ಯಾಟ್ ಚ್ಯಾಪ್‌ಮನ್, ಶಾನ್ ಮನಾಯಾ ಬೇರೆ ಬೇರೆ ತಂಡಗಳಿಗೆ ಸಂದರು. ವರ್ಷಾಂತ್ಯಕ್ಕೆ ಶಾನ್ ಮರ್ಫಿ. ಆ ವರ್ಷ 102 ಸೋಲು, ಮರುವರ್ಷ 112. ಎಳೆಯ ಆಟಗಾರನೊಬ್ಬನನ್ನು ಅವನ ಮೊದಲ ತಪ್ಪುಗಳಿಂದ ಹಿಡಿದು ಪ್ರೌಢಿಮೆಯವರೆಗೆ ಹಿಂಬಾಲಿಸಿ, ಅವನ ಹೆಸರಿನ ಅಂಗಿಯನ್ನು ಮಗುವಿಗೆ ಕೊಡಿಸಿದ ತಂದೆಗೆ, ಆ ಅಂಗಿ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಪರರ ಅಂಗಿಯಾಗುವುದನ್ನು ನೋಡುವುದು ಎಷ್ಟು ಕ್ಲೇಶಕರವೆಂಬುದನ್ನು ಗೆಲವುಸೋಲಿನ ಪಟ್ಟಿ ತೋರಿಸಲಾರದು.

2023ರ ಏಪ್ರಿಲ್ ತಿಂಗಳಲ್ಲಿ ತಂಡ ಲಾಸ್ ವೇಗಸ್‌ನಲ್ಲಿ ನೆಲವನ್ನು ಗೊತ್ತುಮಾಡಿಕೊಂಡ ಸುದ್ದಿ ಹೊರಬಿತ್ತು. ಆಗ ಸಾಮಾನ್ಯ ಅಭಿಮಾನಿಯೊಬ್ಬನಿಗೆ ಹೊಳೆದು, ಅಭಿಮಾನಿ ಸಂಘಗಳ ಪರಿಶ್ರಮದಿಂದ ಸಿದ್ಧಿಸಿದ ಉಪಾಯವನ್ನು ಪ್ರತಿಲೋಮ ಬಹಿಷ್ಕಾರವೆಂದು ಕರೆಯಬಹುದು: ಬಾರದಿರುವುದು ಬಹಿಷ್ಕಾರವಾದರೆ, ಎಲ್ಲರೂ ಒಂದೇ ದಿನ ಬಂದು ತುಂಬುವುದು ಅದರ ವಿಲೋಮ. ಜೂನ್ 13ರ ಮಂಗಳವಾರ ರಾತ್ರಿ, ಟ್ಯಾಂಪಾ ಬೇ ರೇಸ್ ತಂಡದ ವಿರುದ್ಧದ ಪಂದ್ಯಕ್ಕೆ, ಕೆಲವೇ ಸಾವಿರ ಜನರನ್ನು ಕಾಣುತ್ತಿದ್ದ ಕ್ರೀಡಾಂಗಣಕ್ಕೆ 27,759 ಮಂದಿ ಬಂದರು. ಅಭಿಮಾನಿಗಳೇ ಚಂದಾಯೆತ್ತಿ ಅಚ್ಚುಹಾಕಿಸಿದ ಸಾವಿರಾರು ಹಸುರು ಅಂಗಿಗಳು ಹೊರಗಿನ ಮೈದಾನದಲ್ಲಿ ಹಂಚಿಕೆಯಾದುವು. ಅವುಗಳ ಮೇಲೆ ಇದ್ದುದು ಒಂದೇ ಪದ: ‘ಸೆಲ್’, ಎಂದರೆ ಮಾರಿಬಿಡು. ಐದನೆಯ ಇನಿಂಗ್ಸಿನ ಆರಂಭದಲ್ಲಿ ಮೊದಲ ಬ್ಯಾಟರ್ ಆಡುವಷ್ಟು ಹೊತ್ತು ಇಡೀ ಸಭೆ ಮೌನವಾಗಿ ನಿಂತಿತು. ಅನಂತರ ತಂಡವನ್ನು ಮಾರು ಎಂಬ ಘೋಷ ಎಲ್ಲ ಕಡೆಯಿಂದಲೂ ಎದ್ದಿತು. ಆ ಮೌನದ ಔಚಿತ್ಯವನ್ನು ಎಷ್ಟು ಹೊಗಳಿದರೂ ಸಾಲದು: ವರ್ಷಗಟ್ಟಲೆ ತಮ್ಮ ಮೌನಕ್ಕೆ ಪರರು ಹೇಳಿದ ಅರ್ಥವನ್ನು ಕೇಳಿದ ಜನ, ಅಂದು ಆ ಮೌನವನ್ನು ತಾವೇ ಆಚರಿಸಿ, ಅದರ ಭಾಷ್ಯವನ್ನೂ ತಾವೇ ನುಡಿದರು. ಆಟಗಾರರು ಅಂದು 2-1ರಲ್ಲಿ ಗೆದ್ದು, ಸತತವಾಗಿ ಏಳನೆಯ ಜಯವನ್ನು ಪಡೆದರು. ಜನ ಆಟಗಾರರನ್ನು ಹರಸಿದರು, ಒಡೆಯನನ್ನು ಧಿಕ್ಕರಿಸಿದರು, ಎರಡನ್ನೂ ಬೆರಸಲಿಲ್ಲ.

ಫಲವೇನಾಯಿತೆಂದರೆ, ಹೊರಗಿನ ದೃಷ್ಟಿಗೆ ಏನೂ ಆಗಲಿಲ್ಲ. ಅದೇ ದಿನ ನೆವಾಡಾ ಸಂಸ್ಥಾನದ ಸೆನೆಟ್ ಸಭೆ ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರುಗಳವರೆಗೆ ಸಾರ್ವಜನಿಕ ಹಣವನ್ನು ಒದಗಿಸುವ ಮಸೂದೆಗೆ ಸಮ್ಮತಿಯಿತ್ತಿತು. ಎರಡು ದಿನಗಳಲ್ಲಿ ಅದು ಶಾಸನವಾಯಿತು. ನವೆಂಬರ್ 16ರಂದು ಮೂವತ್ತು ತಂಡಗಳ ಒಡೆಯರೂ ಏಕಮತದಿಂದ ಸ್ಥಳಾಂತರವನ್ನು ಒಪ್ಪಿದರು. 2024ರ ಸೆಪ್ಟೆಂಬರ್ 26ರಂದು ಕೊಲಿಸಿಯಮ್ಮಿನ ಕೊನೆಯ ಪಂದ್ಯಕ್ಕೆ 46,889 ಮಂದಿ ನೆರೆದಿದ್ದರು. ಟೆಕ್ಸಸ್ ರೇಂಜರ್ಸ್ ತಂಡವನ್ನು 3-2ರಲ್ಲಿ ಗೆದ್ದ ಬಳಿಕ ತರಬೇತುದಾರ ಮಾರ್ಕ್ ಕಾಟ್ಸೆ ಮೈದಾನದಲ್ಲಿ ನಿಂತು ಜನರಿಗೆ ಕೃತಜ್ಞತೆಯನ್ನು ಹೇಳಿ, ಓಕ್ಲೆಂಡಿನ ಜಯಘೋಷವನ್ನು ಕೊನೆಯ ಬಾರಿ ಹೇಳಿಸಿದರು. ಮೈದಾನದ ಕೆಲಸಗಾರರು ಅಭಿಮಾನಿಗಳಿಗೆ ಮಣ್ಣನ್ನು ಕೊಟ್ಟರು, ಅವರು ಅದನ್ನು ಮನೆಗೆ ಒಯ್ದರು. ಮರುವರ್ಷದಿಂದ ವೆಸ್ಟ್ ಸ್ಯಾಕ್ರಮೆಂಟೋ ನಗರದ ಸಣ್ಣ ಕ್ರೀಡಾಂಗಣವೊಂದರಲ್ಲಿ ತಾತ್ಕಾಲಿಕವಾಗಿ ಆಡತೊಡಗಿದ ತಂಡ ತನ್ನ ಹೆಸರಿನ ಹಿಂದೆ ಯಾವ ಊರಿನ ಹೆಸರನ್ನೂ ಇಟ್ಟುಕೊಳ್ಳಲಿಲ್ಲ.

ಅಷ್ಟರಲ್ಲಿ ಪಶ್ಚಿಮ ಓಕ್ಲೆಂಡಿನ ರೈಮಾಂಡಿ ಉದ್ಯಾನದಲ್ಲಿ ಬೇರೊಂದು ತಂಡ ಹುಟ್ಟಿತ್ತು. ಓಕ್ಲೆಂಡ್ ಬಾಲರ್ಸ್ ಎಂಬುದು ಅದರ ಹೆಸರು. 2024ರಲ್ಲಿ ಪಯನಿಯರ್ ಲೀಗಿನಲ್ಲಿ ಆಡತೊಡಗಿದ ಅದು ಅಥ್ಲೆಟಿಕ್ಸ್ ಆಡುವ ಮೇಜರ್ ಲೀಗಿಗಿಂತ ಬಹಳ ಕೆಳಗಿನ ದರ್ಜೆಯದು, ಅದರ ಆಟಗಾರರ ಹೆಸರುಗಳನ್ನು ಊರಾಚೆ ಬಲ್ಲವರು ಕಡಮೆ. ಅದೇ ವರ್ಷ ಆ ತಂಡ ತನ್ನ ಒಡೆತನದ ಒಂದು ಭಾಗವನ್ನು ಸಣ್ಣ ಸಣ್ಣ ಪಾಲುಗಳಾಗಿ ಸಾರ್ವಜನಿಕರಿಗೆ ತೆರೆದಿಟ್ಟಾಗ, ಎರಡು ಸಾವಿರಕ್ಕೂ ಹೆಚ್ಚು ಮಂದಿ ಅವನ್ನು ಕೊಂಡರು.